ಪೂರ್ವ ಸ್ಟ್ಯಾಂಡಿನ ಖಾಲಿ ಕುರ್ಚಿಗಳು

ಜನವರಿ 8, ಗುರುವಾರ

ತಂಗಿಗೆ,

ನಮ್ಮ ಕ್ಲಬ್ಬಿನ ಒಂಬತ್ತು ಅಂಕ ಕಡಿತವಾಗಿದೆ. ಫುಟ್‌ಬಾಲ್ ಲೀಗ್ ಹೋದ ವಾರ ಆದೇಶ ಹೊರಡಿಸಿತು. ಇವತ್ತಿನ ಪತ್ರಿಕೆ ಹದಿನಾಲ್ಕನೇ ಪುಟದಲ್ಲಿ, ಕ್ಲಬ್ಬಿನ ವಕೀಲರ ಹೇಳಿಕೆಯೊಂದಿಗೆ ಇದನ್ನು ವರದಿ ಮಾಡಿದೆ. ತುಣುಕನ್ನು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಹದಿನೆಂಟು ತಂಡಗಳಲ್ಲಿ ಏಳನೆಯವರಾಗಿದ್ದೆವು, ಹದಿನೇಳಕ್ಕೆ ಬಿದ್ದೆವು. ಸೀಸನ್ ಮುಗಿದಾಗ ಕೊನೆಯ ಎರಡು ತಂಡ ಕೆಳದರ್ಜೆಗೆ ಇಳಿಯುತ್ತವೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಪತ್ರಿಕೆಯವರು ಅರ್ಧ ಬರೆದು ಕೈಬಿಟ್ಟಿದ್ದಾರೆ, ಉಳಿದರ್ಧ ನಾನು ಬರೆಯುತ್ತೇನೆ. ಯಾವ ಕ್ಲಬ್ಬೂ ತನ್ನ ಸ್ವಂತ ಆದಾಯ ಮೀರಿ ಆಟಗಾರರ ಮೇಲೆ ಹಣ ಸುರಿಯಬಾರದು ಎಂಬುದು ನಿಯಮ. ನಮ್ಮ ಮಾಲೀಕರು ಮೂರು ಸೀಸನ್ ಕಾಲ ಪ್ರತಿ ಪಂದ್ಯಕ್ಕೂ ಐದು ಸಾವಿರ ಟಿಕೆಟ್ಟುಗಳನ್ನು ತಮ್ಮದೇ ಸಾಗಣೆ ಕಂಪನಿಯ ಹೆಸರಿನಲ್ಲಿ ಕೊಂಡು, ಅದನ್ನೇ ಆದಾಯವೆಂದು ತೋರಿಸಿದ್ದಾರೆ ಎಂಬುದು ಲೀಗಿನ ಆರೋಪ. ಕ್ಲಬ್ ಇದನ್ನು ಒಪ್ಪುವುದಿಲ್ಲ. ಟಿಕೆಟ್ಟುಗಳನ್ನು ಕೆಲಸಗಾರರಿಗೆ ಹಂಚಿದ್ದರಂತೆ, ಅವರೆಲ್ಲ ಬಂದು ಕೂತು ಆಟ ನೋಡಿದ್ದಾರಂತೆ. ಗೇಟಿನ ಯಂತ್ರದ ದಾಖಲೆ ಮಾತ್ರ ಅಳಿಸಿಹೋಗಿದೆಯಂತೆ. ವಿವಾದ ಈಗ ಮೂವರು ಸದಸ್ಯರ ಮಧ್ಯಸ್ಥಿಕೆ ಮಂಡಳಿಯ ಮುಂದಿದೆ.

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಜನ ಬಂದಿದ್ದರೋ ಇಲ್ಲವೋ ಎಂಬಲ್ಲಿ. ಸರಾಸರಿ ಹದಿನೈದು ಸಾವಿರದ ಇನ್ನೂರು ಎನ್ನುತ್ತದೆ ಕ್ಲಬ್. ಹತ್ತು ಸಾವಿರದ ನೂರ ನಲವತ್ತು ಎನ್ನುತ್ತದೆ ನಮ್ಮ ತಲೆಪುಸ್ತಕ. ಆ ಮೂರು ಸೀಸನ್ನಿನಲ್ಲಿ, ನೀನು ಊರು ಬಿಡುವ ಮೊದಲು, ತಲೆ ಎಣಿಸಿದವರು ನಾವಿಬ್ಬರೇ. ಪಶ್ಚಿಮ, ಉತ್ತರ ಸ್ಟ್ಯಾಂಡ್ ನನ್ನದು. ಪೂರ್ವ, ದಕ್ಷಿಣ ನಿನ್ನದು. ಲೀಗಿನ ವಕೀಲೆ ಅಭಿಮಾನಿ ಸಂಘಕ್ಕೆ ಪತ್ರ ಬರೆದು ಪುಸ್ತಕ ಕೇಳಿದ್ದಾರೆ. ಸಂಘದ ಕಾರ್ಯದರ್ಶಿ ನಾನಾದ್ದರಿಂದ ಪತ್ರ ನನ್ನ ಕೈಗೇ ಬಂದಿದೆ.

ಮೈದಾನದ ಮುಂದಿನ ಚಹಾ ಅಂಗಡಿಯಲ್ಲಿ ಈಗ ಯಾರೂ ಆಟದ ಮಾತಾಡುವುದಿಲ್ಲ. ಪೂರ್ವ ಸ್ಟ್ಯಾಂಡಿನಲ್ಲಿ ಪೀಪಿ ಊದುವ ನಮ್ಮ ‘ಪೀಪಿ’ ಕೂಡ ಕಲಂ ಹದಿನಾಲ್ಕು, ಉಪಕಲಂ ಮೂರು ಎನ್ನುತ್ತಾನೆ. ಆಫ್‌ಸೈಡ್ ಎಂದರೇನೆಂದು ತಿಳಿಯಲು ಅವನಿಗೆ ಹನ್ನೊಂದು ವರ್ಷ ಹಿಡಿದಿತ್ತು.

ನಿನ್ನ ಅಭಿಪ್ರಾಯ ಬರೆ. ಫೋನ್ ಮಾಡಬೇಡ, ಬಸ್ ಡಿಪೋದ ಎಂಜಿನ್ನುಗಳು ನನ್ನ ಕಿವಿಯಲ್ಲಿ ಉಳಿಸಿರುವುದು ಅಷ್ಟಕ್ಕಷ್ಟೆ. ಮನೆಯಲ್ಲಿ ಎಲ್ಲರೂ ಕ್ಷೇಮ.

ಅಣ್ಣ

*

ಜನವರಿ 19, ಸೋಮವಾರ

ಅಣ್ಣನಿಗೆ,

ಪತ್ರ ಬಂದು ನಾಲ್ಕು ದಿನವಾಯಿತು. ಲ್ಯಾಬಿನಲ್ಲಿ ಕೆಲಸ ಮೈಮೇಲೆ ಬಿದ್ದಿದೆ. ಒಂದೇ ವಾರದಲ್ಲಿ ಇಪ್ಪತ್ತಾರು ಹಲ್ಲಿನ ಸೆಟ್ಟು. ಊರವರ ನಗುವೆಲ್ಲ ನನ್ನ ಮೇಜಿನ ಮೇಲೆ ಸಾಲಾಗಿ ಕೂತಿದೆ, ನಗಲು ನನಗೆ ಮಾತ್ರ ಪುರುಸೊತ್ತಿಲ್ಲ.

ಪುಸ್ತಕ ಕೊಡಬೇಡ. ಹತ್ತೊಂಬತ್ತು ವರ್ಷದ ಹಿಂದೆ ಅಪ್ಪ ಅದನ್ನು ಏಕೆ ಶುರು ಮಾಡಿದರು ಎಂದು ನಿನಗೆ ನೆನಪಿದೆ. ಪೂರ್ವ ಸ್ಟ್ಯಾಂಡಿಗೆ ಜನ ಬರುವುದಿಲ್ಲ, ಕೆಡವುತ್ತೇವೆ ಎಂದರು ಕ್ಲಬ್ಬಿನವರು. ಬರುತ್ತಾರೆ ಎಂದು ತೋರಿಸಲು ಅಪ್ಪ ಪೆನ್ಸಿಲ್ ಹಿಡಿದರು. ಸ್ಟ್ಯಾಂಡ್ ಉಳಿಸಿದ ಪುಸ್ತಕದಿಂದಲೇ ಕ್ಲಬ್ಬನ್ನು ಮುಳುಗಿಸುವುದು ಯಾವ ನ್ಯಾಯ? ದೊಡ್ಡ ಕ್ಲಬ್ಬುಗಳು ಇದರ ಹತ್ತರಷ್ಟು ಮಾಡಿ ದಕ್ಕಿಸಿಕೊಂಡಿವೆ. ಮಾಲೀಕರು ಇವತ್ತು ಇರುತ್ತಾರೆ, ನಾಳೆ ಮಾರಿ ಹೋಗುತ್ತಾರೆ. ಇಳಿಯುವವರು ನಾವು.

ಪುಸ್ತಕ ಕಳೆದಿದೆ ಎಂದು ಬರೆದುಬಿಡು. ಹತ್ತೊಂಬತ್ತು ವರ್ಷದ ನೋಟುಬುಕ್ಕುಗಳು ಕಳೆದುಹೋಗುವುದು ಲೋಕದಲ್ಲಿ ಇಲ್ಲದ್ದೇನಲ್ಲ.

ಒಂದು ವೇಳೆ ಕೊಡಲೇಬೇಕಾಗಿ ಬಂದರೆ, ಅವರಿಗೆ ಪ್ರತಿ ಪಂದ್ಯದ ಒಟ್ಟು ಸಂಖ್ಯೆ ಸಾಕೋ, ಸಾಲುವಾರು ಪುಟಗಳೂ ಬೇಕೋ? ಸುಮ್ಮನೆ ಕೇಳಿದೆ.

ಅತ್ತಿಗೆಯ ಮಂಡಿ ನೋವು ಹೇಗಿದೆ?

ತಂಗಿ

*

ಜನವರಿ 27, ಮಂಗಳವಾರ

ತಂಗಿಗೆ,

ಪುಸ್ತಕವನ್ನು ಕೊಟ್ಟಾಗಿದೆ. ಹೋದ ಪತ್ರದಲ್ಲಿ ಬರೆಯಲಿಲ್ಲ. ಅದನ್ನು ಬರೆಯುವ ಎರಡು ದಿನ ಮೊದಲೇ ಕೊಟ್ಟಿದ್ದೆ. ನಿನ್ನ ಅಭಿಪ್ರಾಯ ಕೇಳಿದ್ದು ತಪ್ಪಾಯಿತು. ಕೊಟ್ಟ ಮೇಲೆ ಕೇಳಬಾರದಿತ್ತು.

ಸಾಲುವಾರು ಪುಟಗಳನ್ನೂ ಕೊಟ್ಟಿದ್ದೇನೆ. ಬರೀ ಒಟ್ಟು ಸಂಖ್ಯೆಯನ್ನು ಯಾರು ಬೇಕಾದರೂ ಬರೆಯಬಹುದು. ನಾವು ಎರಡನೇ ಅವಧಿಯ ಇಪ್ಪತ್ತನೇ ನಿಮಿಷದಲ್ಲಿ, ಎಲ್ಲರೂ ಕೂತಿರುವ ಹೊತ್ತಿನಲ್ಲಿ, ಸಾಲು ಸಾಲಾಗಿ ಖಾಲಿ ಕುರ್ಚಿ ಎಣಿಸಿ ಒಟ್ಟು ಕುರ್ಚಿಯಿಂದ ಕಳೆಯುತ್ತೇವೆ ಎಂದು ವಕೀಲೆಗೆ ವಿವರಿಸಿದೆ. ಆಕೆ ಕನ್ನಡಕ ತೆಗೆದು ಒರೆಸಿಕೊಂಡು, ಇಂಥ ಶಿಸ್ತು ನಮ್ಮ ಕಚೇರಿಯಲ್ಲೂ ಇಲ್ಲ ಎಂದರು. ಪುಸ್ತಕದಲ್ಲಿರುವುದೆಲ್ಲ ನಿಜ ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದೇನೆ.

ಬಂದವರೆಷ್ಟು ಎಂದು ಕೇಳಿದಾಗ ಬಂದವರಷ್ಟೇ ಎಂದು ಹೇಳುವುದರಲ್ಲಿ ದ್ರೋಹವೇನಿದೆ ಎಂದು ನನಗೆ ತಿಳಿಯುವುದಿಲ್ಲ. ಇಪ್ಪತ್ತೆಂಟು ವರ್ಷ ಬಸ್ಸು ಹೊರಟ ಸಮಯ, ಬಂದ ಸಮಯ ಬರೆದಿದ್ದೇನೆ. ಚಾಲಕರು ಐದು ನಿಮಿಷ ಹಿಂದೆ ಮುಂದೆ ಮಾಡು ಎಂದು ಗೋಗರೆದಿದ್ದಾರೆ, ಮಾಡಿಲ್ಲ. ಈ ಒಂದು ವಿಷಯದಲ್ಲಿ ಮಾಡಿದರೆ ಉಳಿದದ್ದೂ ಹೋಯಿತು.

ಸಂಘದ ಸಭೆಯಲ್ಲಿ ಸ್ವಲ್ಪ ಮಾತುಕತೆ ನಡೆಯಿತು. ವಿಶೇಷವೇನಿಲ್ಲ.

ಅಣ್ಣ

(ಇವರು ಅಂಚೆಗೆ ಹಾಕಲು ಕೊಟ್ಟಿದ್ದಾರೆ, ಲಕೋಟೆ ಅಂಟಿಸುವ ಮೊದಲು ನಾನು ಎರಡು ಸಾಲು ಸೇರಿಸುತ್ತೇನೆ. ವಿಶೇಷವೇನಿಲ್ಲ ಅಂತ ಬರೆದಿದ್ದಾರಲ್ಲ, ಸಭೆಯಲ್ಲಿ ಅರವತ್ತನಾಲ್ಕು ಜನ ಕೈ ಎತ್ತಿ ಇವರನ್ನು ಕಾರ್ಯದರ್ಶಿ ಸ್ಥಾನದಿಂದ ತೆಗೆದರು. ಇವರ ಪರ ಎತ್ತಿದವರು ಒಂಬತ್ತು, ಅದನ್ನೂ ಇವರೇ ಎಣಿಸಿಕೊಂಡು ಬಂದರು. ಮೈದಾನದಲ್ಲಿ ಇವರ ಕುರ್ಚಿಯನ್ನು ಮಡಚಿ ತಂತಿ ಸುತ್ತಿದ್ದಾರೆ. ಪಂದ್ಯದ ದಿನ ಇವರು ಟಿಫನ್ ಡಬ್ಬಿ ತಗೊಂಡು ಡಿಪೋಗೆ ಹೋಗಿ ಕೂರುತ್ತಾರೆ, ಕೆಲಸ ಇಲ್ಲದಿದ್ದರೂ. ನೀನೇ ಏನಾದರೂ ಬುದ್ಧಿ ಹೇಳು. ಮಂಡಿ ಹಾಗೇ ಇದೆ. – ಅತ್ತಿಗೆ)

*

ಫೆಬ್ರವರಿ 4, ಬುಧವಾರ

ಅಣ್ಣನಿಗೆ,

ಪ್ರಮಾಣಪತ್ರವನ್ನು ಹಿಂದೆ ಪಡೆಯಲು ಸಾಧ್ಯವೇ ಎಂದು ವಕೀಲೆಯನ್ನು ಕೇಳಿ ನೋಡು. ಕಿವಿ ಸರಿಯಿಲ್ಲ, ವಿಚಾರಣೆ ಎದುರಿಸಲು ಆಗುವುದಿಲ್ಲ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸಾಲುವಾರು ಪುಟಗಳನ್ನಾದರೂ ವಾಪಸು ಕೇಳು.

ಇದನ್ನು ಏಕೆ ಹೇಳುತ್ತಿದ್ದೇನೆ ಎಂದು ಎರಡು ಸಲ ಬರೆದು ಹರಿದೆ. ಇಲ್ಲಿ ಕಿಟಕಿಯ ಹತ್ತಿರದ ಮೇಜು ನನಗೆ ಸಿಕ್ಕಿದೆ, ಮೇಣದ ಬಣ್ಣ ಈಗ ಚೆನ್ನಾಗಿ ಕಾಣುತ್ತದೆ. ಬೇರೆ ಸುದ್ದಿಯಿಲ್ಲ.

ತಂಗಿ

*

ಫೆಬ್ರವರಿ 17, ಮಂಗಳವಾರ

ತಂಗಿಗೆ,

ನಿನ್ನ ಪತ್ರಕ್ಕೆ ಉತ್ತರಿಸಬಾರದು ಎಂದುಕೊಂಡಿದ್ದೆ. ಸಭೆಯಲ್ಲಿ ಉಳಿದವರು ನನ್ನನ್ನು ತೆಗೆಯಲು ಕೈ ಎತ್ತಿದರು, ನೀನು ಕಾಗದದಲ್ಲಿ ಎತ್ತಿದೆ, ಅಷ್ಟೇ ವ್ಯತ್ಯಾಸ ಎಂದುಕೊಂಡೆ. ಕ್ಲಬ್ಬಿನ ಮೇಲಿನ ಪ್ರೀತಿಗೆ ನೀನು ನನ್ನ ಕಿವಿಯನ್ನೂ ನೆಪ ಮಾಡಿದ್ದು ನನಗೆ ನಾಟಿತು. ಇರಲಿ. ಈಗ ಬರೆಯಲೇಬೇಕಾದ ಕೆಲಸ ಬಿದ್ದಿದೆ.

ನಿನ್ನೆ ನನ್ನ ಪಾಟೀಸವಾಲು ನಡೆಯಿತು. ಮೂರನೇ ಮಹಡಿಯ ಕೋಣೆ, ಉದ್ದನೆಯ ಮೇಜು, ನೀರಿನ ಜಗ್ಗು, ಗೋಡೆಯ ಗಡಿಯಾರ ಆರು ನಿಮಿಷ ಮುಂದೆ. ನನಗೆ ತಿಳಿಯಲಿ ಎಂದು ಪ್ರಶ್ನೆಗಳನ್ನು ಪರದೆಯ ಮೇಲೆ ಬೆರಳಚ್ಚಿಸಿ ತೋರಿಸುತ್ತಿದ್ದರು. ಕ್ಲಬ್ಬಿನ ವಕೀಲ ಒಂದು ಗಂಟೆ ದಕ್ಷಿಣದ ಖಾಲಿ ಬ್ಲಾಕುಗಳ ಬಗ್ಗೆ ಕೇಳಿದ. ಒಂದು ಸಂಖ್ಯೆಯೂ ಅಲುಗಲಿಲ್ಲ. ಆಮೇಲೆ ಪೂರ್ವ ಸ್ಟ್ಯಾಂಡಿನ ಒಂಬತ್ತನೇ ಸಾಲು ತೆಗೆದ.

ಆ ಸಾಲಿನ ಮೂವತ್ತೊಂದನೇ ಕುರ್ಚಿ ಅಪ್ಪನದು. ಅಪ್ಪ ಹೋದ ಮೇಲೆ ಅದರ ಸೀಸನ್ ಕಾರ್ಡನ್ನು ನಾನೇ ಕ್ಲಬ್ಬಿಗೆ ಹಿಂತಿರುಗಿಸಿದ್ದೆ. ಆ ಕುರ್ಚಿ ಏಳು ವರ್ಷದಿಂದ ಮಾರಾಟವೇ ಆಗಿಲ್ಲ ಎಂದು ವಕೀಲ ದಾಖಲೆ ತೋರಿಸಿದ. ನಮ್ಮ ಪುಸ್ತಕದಲ್ಲಿ ಆ ಸಾಲಿನ ಮುಂದೆ ಪಂದ್ಯದ ಮೇಲೆ ಪಂದ್ಯ ಸೊನ್ನೆ ಇದೆ. ಖಾಲಿ ಕುರ್ಚಿ ಸೊನ್ನೆ. ಅವನು ನನ್ನ ಕಡೆಗೇ ತಿರುಗಿ, ಪರದೆಯ ಹಂಗಿಲ್ಲದೆ, ನಿಧಾನವಾಗಿ ಕೇಳಿದ:

"ಮಾರಾಟವೇ ಆಗದ ಕುರ್ಚೀಲಿ ಏಳು ವರ್ಷ ಕೂತಿದ್ದೋರು ಯಾರು ಸ್ವಾಮಿ?"

"ನಿಮ್ಮ ದಾಖಲೆ ತಪ್ಪಿರಬೇಕು. ನನ್ನ ತಂಗಿ ತಪ್ಪು ಎಣಿಸೋಳಲ್ಲ" ಎಂದೆ.

ಅದನ್ನೂ ಬೆರಳಚ್ಚು ಮಾಡಿಕೊಂಡರು. ಮಾರ್ಚ್ 2ಕ್ಕೆ ಮತ್ತೆ ಕರೆದಿದ್ದಾರೆ. ಆ ಹೊತ್ತಿಗೆ ಉತ್ತರ ಬೇಕು. ಆ ಕುರ್ಚಿಯಲ್ಲಿ ಯಾರು ಕೂರುತ್ತಿದ್ದರು? ಟಿಕೆಟ್ಟಿಲ್ಲದೆ ಬಂದವರೋ, ಪಕ್ಕದ ಸಾಲಿನವರೋ, ನೀನು ನೋಡಿದ್ದನ್ನು ಬರೆ. ಈ ಒಂದಕ್ಕೆ ಉತ್ತರವಿಲ್ಲದಿದ್ದರೆ ಇಡೀ ಪುಸ್ತಕವನ್ನು ಬದಿಗಿಡುತ್ತಾರೆ ಎಂದು ಲೀಗಿನ ವಕೀಲೆ ಹೇಳಿದ್ದಾರೆ. ಆಗ ಸುಳ್ಳು ಪ್ರಮಾಣ ಮಾಡಿದವನು ಎಂಬ ಮಾತಷ್ಟೇ ನನಗೆ ಉಳಿಯುತ್ತದೆ.

ಅಣ್ಣ

*

ಫೆಬ್ರವರಿ 24, ಮಂಗಳವಾರ

ಅಣ್ಣನಿಗೆ,

ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಅದು ಖಾಲಿ ಇತ್ತು. ಸೊನ್ನೆ ಬರೆದವಳು ನಾನು.

ಅಪ್ಪ ಹೋದ ಮೂರನೇ ವಾರ ನಮ್ಮ ಮೈದಾನದಲ್ಲಿ ಪಂದ್ಯವಿತ್ತು. ನೀನು ಎದುರಿನ ಸ್ಟ್ಯಾಂಡಿನಲ್ಲಿ ನಿನ್ನ ಸಾಲುಗಳನ್ನು ಎಣಿಸುತ್ತಿದ್ದೆ. ನಾನು ಒಂಬತ್ತನೇ ಸಾಲಿಗೆ ಬಂದೆ. ಒಂದು ಎಂದು ಬರೆಯಬೇಕಿತ್ತು. ಪೆನ್ಸಿಲ್ ಇಟ್ಟುಕೊಂಡು ಕೂತೆ, ಇಪ್ಪತ್ತನೇ ನಿಮಿಷ ಹೋಗಿ ಇಪ್ಪತ್ತೈದಾಯಿತು. ಸೊನ್ನೆ ಬರೆದು ಹತ್ತನೇ ಸಾಲಿಗೆ ಹೋದೆ. ಮುಂದಿನ ಪಂದ್ಯಕ್ಕೆ ಸರಿಮಾಡಿದರಾಯಿತು ಎಂದುಕೊಂಡಿದ್ದೆ.

ಅಂಚೆಯವರ ಹೆಂಡತಿ ಹಿಂದಿನ ಸಾಲಿನಿಂದ ಅದನ್ನು ನೋಡಿದ್ದರು. ಅಂಚೆಯವರು ತೀರಿಕೊಂಡ ಮೇಲೆ ಒಂದು ದಿನ ವಿರಾಮದಲ್ಲಿ ಬಂದು ನನ್ನ ಪಕ್ಕ ಕೂತು, "ನಮ್ಮೋರನ್ನೂ ಹಾಗೇ ಬರ್ಕೊಳಮ್ಮ, ನಿನಗೇನು ಭಾರ" ಎಂದರು. ಅವತ್ತೇ ಬರೆದುಕೊಂಡೆ. ಆಮೇಲೆ ಟೋಪಿ ಅಜ್ಜ. ಆಮೇಲೆ ಬೇಕರಿಯ ಅಣ್ಣತಮ್ಮಂದಿರಲ್ಲಿ ದೊಡ್ಡವನು. ಪೀಪಿ ತನ್ನ ಮಾವನನ್ನು ಸೇರಿಸಿದ. ಬದುಕಿದ್ದಾಗ ಆ ಮಾವನ ಜೊತೆ ಅವನು ಮಾತು ಬಿಟ್ಟಿದ್ದ. ನಾನು ಊರು ಬಿಡುವ ಹೊತ್ತಿಗೆ ಮೂವತ್ತೆಂಟು ಜನರಾಗಿದ್ದರು. ಅವರ ಕುರ್ಚಿ ಖಾಲಿಯಿದ್ದರೂ ನಾನು ಖಾಲಿ ಎಂದು ಬರೆಯಲಿಲ್ಲ.

ಪೂರ್ವ ಸ್ಟ್ಯಾಂಡಿಗೆಲ್ಲ ಇದು ಗೊತ್ತಿತ್ತು. ನಿನಗೊಬ್ಬನಿಗೆ, ಅಲ್ಲಿನವರ ‘ಗಡಿಯಾರ’ಕ್ಕೆ, ಹೇಳಬಾರದು ಎಂದು ಮಾತಾಗಿತ್ತು. "ಗಡಿಯಾರಕ್ಕೆ ಗೊತ್ತಾದ್ರೆ ರಬ್ಬರ್ ತಗೊಂಡು ಬರ್ತಾನೆ" ಎನ್ನುತ್ತಿದ್ದರು. ನಾನೂ ನಕ್ಕಿದ್ದೇನೆ. ವಕೀಲನಿಗೆ ಒಂಬತ್ತನೇ ಸಾಲನ್ನೇ ತೆಗೆಯಲು ಹೇಳಿಕೊಟ್ಟವರು ಆ ಸ್ಟ್ಯಾಂಡಿನವರೇ ಇರಬೇಕು. ಬೇರೆ ಯಾರಿಗೂ ತಿಳಿಯುವ ದಾರಿಯಿಲ್ಲ.

ಇದನ್ನು ಜನವರಿಯಲ್ಲೇ ಹೇಳಬೇಕಿತ್ತು. ನೀನು ಪುಸ್ತಕ ಕೊಡದಿದ್ದರೆ ಹೇಳುವ ಅಗತ್ಯವೇ ಬರುವುದಿಲ್ಲ ಎಂದು ಕಾದೆ. ಪುಸ್ತಕ ಕೊಡಬೇಡ ಎಂದು ನಾನು ಬರೆದದ್ದು ಕ್ಲಬ್ಬಿನ ಮೇಲಿನ ಪ್ರೀತಿಗೆ ಅಲ್ಲ, ನನ್ನನ್ನು ಉಳಿಸಿಕೊಳ್ಳಲು.

ಇದರ ಜೊತೆ ಒಂದು ಪಟ್ಟಿ ಇಟ್ಟಿದ್ದೇನೆ. ಮೂವತ್ತೆಂಟು ಕುರ್ಚಿ, ಸಾಲು, ಸಂಖ್ಯೆ, ಯಾರದು, ಯಾವ ಪಂದ್ಯದಿಂದ. ಒಂದನ್ನೂ ಮರೆತಿಲ್ಲ. ಇಷ್ಟನ್ನು ಕಳೆದರೂ ಪುಸ್ತಕ ಹತ್ತು ಸಾವಿರದ ನೂರರ ಮೇಲೆ ಎನ್ನುತ್ತದೆ. ಹದಿನೈದು ಸಾವಿರದ ಹತ್ತಿರಕ್ಕೂ ಬರುವುದಿಲ್ಲ. ಪಟ್ಟಿ ಕೊಟ್ಟರೆ ಪುಸ್ತಕ ನಿಲ್ಲುತ್ತದೆ, ಕ್ಲಬ್ ಇಳಿಯುತ್ತದೆ. ಕೊಡದಿದ್ದರೆ ಪುಸ್ತಕ ಬೀಳುತ್ತದೆ, ಕ್ಲಬ್ ಉಳಿಯುತ್ತದೆ. ಏನು ಮಾಡಬೇಕೆಂದು ಹೇಳುವ ಯೋಗ್ಯತೆ ನನಗಿಲ್ಲ.

ತಂಗಿ

*

ಮಾರ್ಚ್ 4, ಬುಧವಾರ

ತಂಗಿಗೆ,

ನಿನ್ನ ಪತ್ರ ಶುಕ್ರವಾರ ಬಂತು. ನಾನು ಮೊನ್ನೆ ಮಂಡಳಿಯ ಮುಂದೆ ಹೇಳಿದ್ದು ಇಷ್ಟು: ಪೂರ್ವ ಸ್ಟ್ಯಾಂಡಿನ ಕೆಲವು ಸಾಲುಗಳ ಎಣಿಕೆ ಸರಿಯಿಲ್ಲ, ಹೋದ ಸಲ ನಾನು ಹೇಳಿದ್ದು ತಪ್ಪು. ಏಕೆ ಎಂದರು. ಎಣಿಸಿದವನು ನಾನಲ್ಲ, ಅದಕ್ಕಿಂತ ಹೆಚ್ಚು ಹೇಳಲಾರೆ ಎಂದೆ. ಪಟ್ಟಿ ಕೋಟಿನ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಅದು ನಿನ್ನ ಕೈಬರಹ, ನಿನ್ನ ಮಾತು. ನಾನು ಓದಿದರೆ ಮತ್ತೆ ನಾನು ಎಣಿಸದ್ದಕ್ಕೆ ನಾನು ಸಾಕ್ಷಿ ಹೇಳಿದ ಹಾಗಾಗುತ್ತದೆ. ಅದನ್ನು ಇದರೊಡನೆ ವಾಪಸು ಕಳಿಸುತ್ತಿದ್ದೇನೆ.

ಎಣಿಸಿದವರೇ ಬಂದು ವಿವರಿಸದಿದ್ದರೆ ಪುಸ್ತಕವನ್ನು ಪರಿಗಣಿಸುವುದಿಲ್ಲ ಎಂದು ಅಧ್ಯಕ್ಷರು ದಾಖಲಿಸಿದರು. ಕ್ಲಬ್ಬಿನ ವಕೀಲ ಕಾಗದಗಳನ್ನು ಬೇಗ ಬೇಗ ಜೋಡಿಸಿಕೊಂಡ.

ಸುದ್ದಿ ನನಗಿಂತ ಮೊದಲು ಮೈದಾನ ತಲುಪಿತ್ತು. ನಿನ್ನೆ ಪೀಪಿ ಮತ್ತು ಇನ್ನೂ ನಾಲ್ವರು ಡಿಪೋಗೆ ಬಂದರು. ನನ್ನ ಕುರ್ಚಿಯ ತಂತಿ ಬಿಚ್ಚಿದ್ದಾರಂತೆ, ಎಣ್ಣೆಯನ್ನೂ ಬಿಟ್ಟಿದ್ದಾರಂತೆ. ಪೀಪಿ ನನ್ನ ಹೆಗಲ ಮೇಲೆ ಕೈಹಾಕಿ, ಕಿವಿಯ ಹತ್ತಿರ ಬಾಯಿಟ್ಟು ಹೇಳಿದ:

"ಕೊನೇಗೂ ನಮ್ಮೋನು ಅಂತ ತೋರಿಸ್ಬಿಟ್ಟೆ ಕಣೋ ಗಡಿಯಾರ."

ನಿಜ ಹೇಳಿದಾಗ ತಂತಿ ಸುತ್ತಿದರು. ಈಗ ನಾನು ಕ್ಲಬ್ಬಿಗಾಗಿ ಸುಳ್ಳು ಹೇಳಿದೆ ಎಂದುಕೊಂಡು ತಂತಿ ಬಿಚ್ಚಿದ್ದಾರೆ. ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಆರು ಗಂಟೆ ಹತ್ತರ ಬಸ್ಸು ಒಳಗೆ ಬಂತು, ಸಮಯ ಬರೆದುಕೊಂಡೆ. ತಿರುಗಿ ನೋಡುವಷ್ಟರಲ್ಲಿ ಅವರು ಹೋಗಿದ್ದರು. ನಿನ್ನ ಅತ್ತಿಗೆಗೆ ಸಮಾಧಾನವಾಗಿದೆ. ಅಂಗಡಿಯವನು ಮತ್ತೆ ಮಾತಾಡಿಸುತ್ತಾನಂತೆ.

ಒಂದು ವಿಷಯ ನಾನೂ ಹೇಳಿರಲಿಲ್ಲ. ಅಪ್ಪನ ಕುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಾರೆ ಎಂದುಕೊಂಡು ಏಳು ವರ್ಷ ನಾನು ಆ ಕಡೆಗೆ ನೆಟ್ಟಗೆ ನೋಡಿಲ್ಲ. ನೋಡಿದ್ದರೆ ನಿನ್ನ ಸೊನ್ನೆ ಮೊದಲ ವರ್ಷವೇ ಸಿಕ್ಕಿಬೀಳುತ್ತಿತ್ತು. ಎಣಿಸುವವನು ನೋಡದೇ ಇದ್ದದ್ದೂ ತಪ್ಪೇ.

ಬಾ ಎಂದು ನಾನು ಬರೆಯುವುದಿಲ್ಲ. ಬಂದರೆ ನಿನಗೆ ಇಲ್ಲಿ ಏನು ಕಾದಿದೆ ಎಂದು ನನಗೆ ಗೊತ್ತು. ದಣಿದಿದ್ದೇನೆ, ಇಷ್ಟೇ.

ಅಣ್ಣ

*

ಮಾರ್ಚ್ 13, ಶುಕ್ರವಾರ

ಅಣ್ಣನಿಗೆ,

ಪಟ್ಟಿಯ ಪ್ರತಿಯನ್ನು ಸೋಮವಾರ ನೋಂದಾಯಿತ ಅಂಚೆಯಲ್ಲಿ ಮಂಡಳಿಗೆ ಕಳಿಸಿದೆ. ನಾನೇ ಬಂದು ವಿವರಿಸುತ್ತೇನೆ ಎಂದು ಕೆಳಗೆ ಸಹಿ ಹಾಕಿದ್ದೇನೆ. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ಬೇಡ ಎಂದೂ ಹೇಳುತ್ತಿರಲಿಲ್ಲ, ಸರಿ ಎಂದೂ ಹೇಳುತ್ತಿರಲಿಲ್ಲ.

ಕಳಿಸುವ ಮೊದಲು ಅಂಚೆಯವರ ಹೆಂಡತಿಗೆ ಫೋನ್ ಮಾಡಿದೆ. ಮೂವತ್ತೆಂಟು ಮನೆಗೂ ಮಾಡುವ ಧೈರ್ಯವಿರಲಿಲ್ಲ. ಅವರ ಯಜಮಾನರ ಹೆಸರನ್ನು ಆ ಕೋಣೆಯಲ್ಲಿ ಓದಬೇಕಾಗುತ್ತದೆ, ಇದರಿಂದ ಕ್ಲಬ್ ಕೆಳಗಿಳಿಯಬಹುದು ಎಂದೆ. ಹಿಂದೆ ಕುಕ್ಕರ್ ಕೂಗುತ್ತಿತ್ತು, ಹೋಗಿ ಒಲೆ ಆರಿಸಿ ಬಂದರು. ಆಮೇಲೆ ಹೇಳಿದರು:

"ನಾನು ಕೇಳ್ದಾಗ ಅದು ನಮ್ಮೊಳಗಿನ ಮಾತಾಗಿತ್ತಮ್ಮ. ಮಾಲೀಕ್ರ ವಕೀಲ ಅದನ್ನ ಹಿಡ್ಕೊಂಡು ನಿಮ್ಮಣ್ಣನ್ನ ಕಳ್ಳ ಅನ್ಲಿ ಅಂತ ಕೇಳಿರ್ಲಿಲ್ಲ. ಓದು."

ಬೇಕರಿಯವರಿಗೂ ಮಾಡಿದೆ. ಅವರು ಫೋನ್ ಇಟ್ಟುಬಿಟ್ಟರು. ಅದನ್ನೂ ನಿನಗೆ ತಿಳಿಸಿರುತ್ತೇನೆ.

ಕ್ಲಬ್ ಇಳಿಯುವುದು ನನಗೆ ಸಣ್ಣ ವಿಷಯವಲ್ಲ. ಇಲ್ಲಿ ಶನಿವಾರ ಮಧ್ಯಾಹ್ನ ಮೇಣ ಕರಗಿಸುತ್ತಾ ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡಿರುತ್ತೇನೆ. ಕೆಳದರ್ಜೆಯ ಪಂದ್ಯಗಳನ್ನು ಈ ಊರಿನ ರೇಡಿಯೋ ಹೇಳುವುದಿಲ್ಲ. ಆದರೂ ನನ್ನ ಸೊನ್ನೆಗಳ ಮೇಲೆ ಕ್ಲಬ್ ಉಳಿಯಲು, ಅದಕ್ಕಾಗಿ ನಿನ್ನನ್ನು ಸುಳ್ಳ ಎಂದು ತಿಳಿದು ಅವರು ಹೆಗಲ ಮೇಲೆ ಕೈಹಾಕಲು ನಾನು ಬಿಡುವುದಿಲ್ಲ. ನೀನು ಆ ಕೈಯನ್ನು ತೆಗೆದಿರಲಾರೆ ಎಂದು ನನಗೆ ಗೊತ್ತು.

ಲ್ಯಾಬಿನಲ್ಲಿ ನಾಲ್ಕು ದಿನ ರಜೆ ಕೊಟ್ಟಿದ್ದಾರೆ. ನಿಮ್ಮ ಮನೆಯಲ್ಲಿ ಇಳಿಯುವುದಿಲ್ಲ. ಅಂಗಡಿಯವನು ಮತ್ತೆ ಮಾತು ಬಿಟ್ಟರೆ ಅತ್ತಿಗೆ ನನ್ನನ್ನು ಬೈಯಲು ಜಾಗವಿರಬೇಕು. ನಿಲ್ದಾಣದ ಹತ್ತಿರ ಕೋಣೆ ಹಿಡಿದಿದ್ದೇನೆ.

ಮಂಡಳಿಯ ಗುಮಾಸ್ತರ ಉತ್ತರ ಇವತ್ತು ಬಂತು. ನನ್ನ ಸಾಕ್ಷ್ಯ ಮಾರ್ಚ್ 24, ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ. ಅದು ಮುಗಿದ ಕೂಡಲೇ ಕ್ಲಬ್ಬಿನ ವಕೀಲರ ಪಾಟೀಸವಾಲು. ತೀರ್ಪು ಏಪ್ರಿಲ್ 10ಕ್ಕೆ.

ತಂಗಿ